ಅಡುಗೆಮನೆಗೆ ಹೊಗೆ ಗಂಟೆ

ಗಾಂಧಿ ಗಂಜದ ಹಿಂದಿನ ಬಾಡಿಗೆ ಕಟ್ಟಡದ ಮಾಲಕ ಓಂಪ್ರಕಾಶ ಎಂಟು ಫ್ಲ್ಯಾಟಿನ ಅಡುಗೆಮನೆಗಳಿಗೂ ಹೊಗೆ ಗಂಟೆ ತಂದಿಳಿಸಿದಾಗ, ಎಲೆಕ್ಟ್ರಿಷಿಯನ್ ಬದ್ರೋದ್ದೀನ ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದ. ಹೊಗೆ ಹಿಡಿಯುವ ಗಂಟೆ ಮಲಗುವ ಕೋಣೆಗೆ ಸರಿ, ಅಡುಗೆಮನೆಗೆ ಶಾಖ ಹಿಡಿಯುವುದು ಬೇಕು, ಅದು ಒಗ್ಗರಣೆಗೆಲ್ಲ ಒದರುವುದಿಲ್ಲ ಎಂದಿದ್ದ. ತಂದದ್ದು ತಂದಾಯಿತು, ಕೂಡಿಸು ಎಂದ ಓಂಪ್ರಕಾಶ. ಬದ್ರೋದ್ದೀನ ಕೂಡಿಸಿದ. ಕೂಲಿ ಕೊಡುವವನೆದುರು ಎರಡನೇ ಸಲ ಹೇಳುವ ಚಾಳಿ ಅವನಿಗಿರಲಿಲ್ಲ.

ಮೂರನೇ ಮಹಡಿಯ ಸಿದ್ದೇಶ್ವರಿ ಖಾನಾವಳಿಗೆ ದಿನಾ ನೂರು ರೊಟ್ಟಿ ಬಡಿದು ಕೊಡುವವಳು. ಹಂಚಿನ ಮೇಲೆ ಉದುರಿದ ಹಿಟ್ಟು ಕರಕಾದರೆ ಸಾಕು, ನೆತ್ತಿಯ ಮೇಲೆ ಗಂಟೆ ಕಿರುಚುತ್ತಿತ್ತು. ಹಾಸಿಗೆ ಹಿಡಿದಿದ್ದ ಅತ್ತೆ ಸತ್ಯಮ್ಮ ಒಳಕೋಣೆಯಲ್ಲಿ ಬೆಚ್ಚಿ ಅಳುತ್ತಿದ್ದಳು. ಗಂಡ ಸಂಜುಕುಮಾರ ಭಾಲ್ಕಿಯ ದಾಲ್ ಮಿಲ್ಲಿಗೆ ಹೋದರೆ ಬರುವುದು ಸಂಜೆಗೇ. ಸಾಕಾಗಿ ಅವಳು ಬದ್ರೋದ್ದೀನನನ್ನು ಕರೆಸಿದಳು. ಎಂಟು ದಿನದಲ್ಲಿ ಹೈದರಾಬಾದಿನಿಂದ ಸರಿಯಾದದ್ದು ತರುತ್ತೇನೆ ಎಂದು ಅವನು ಬ್ಯಾಟರಿ ತೆಗೆದು, ಮುಚ್ಚಳ ಹಾಕಿ, ಅವಳು ಕೊಟ್ಟ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋದ. ಎಂಟು ದಿನ ಹೋಗಿ ಎರಡು ತಿಂಗಳಾಯಿತು. ಎರಡು ಸಲ ಹೈದರಾಬಾದಿಗೆ ಹೋಗಿ ಬಂದ, ಎರಡು ಸಲವೂ ಮರೆತ.

ಒಂದು ಮಧ್ಯಾಹ್ನ ಸಿದ್ದೇಶ್ವರಿ ಒಲೆಯ ಮೇಲೆ ಎಣ್ಣೆ ಇಟ್ಟಿದ್ದಳು. ಮೂರು ದಿನದಿಂದ ಒಣಗಿದ್ದ ಕೆಳಗಿನ ನಲ್ಲಿಗೆ ನೀರು ಬಂತೆಂದು ಕೂಗು ಕೇಳಿ, ಕೊಡ ಹಿಡಿದು ಓಡಿದಳು. ಸಾಲಿನಲ್ಲಿ ನಿಂತವಳಿಗೆ ಮೇಲಿನಿಂದ ಯಾವ ಸದ್ದೂ ಕೇಳಲಿಲ್ಲ. ಎಣ್ಣೆಗೆ ಹತ್ತಿದ ಬೆಂಕಿ ಒಳಕೋಣೆಯ ತನಕ ಹೋಗಲಿಲ್ಲ, ಹೊಗೆ ಹೋಯಿತು. ಸತ್ಯಮ್ಮ ಬದುಕಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಸೊಸೆಯೇ ಬ್ಯಾಟರಿ ಕಿತ್ತು ಮುದುಕಿಯನ್ನು ಕೊಂದಳೆಂದು ಇಡೀ ಕಟ್ಟಡ ಮಾತಾಡಿತು. ಪೊಲೀಸರ ವಿಚಾರಣೆ ಮುಗಿದ ಮೇಲೆ ಸಂಜುಕುಮಾರ ಅವಳನ್ನು ಔರಾದಿನ ತವರಿಗೆ ಅಟ್ಟಿದ. ಮುದುಕಿಯ ಮಣ್ಣಿಗೆ ಹೋಗಿದ್ದ ಬದ್ರೋದ್ದೀನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ. ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೆದರಿದ್ದ, ಅಷ್ಟೇ.

ಹನ್ನೆರಡನೇ ದಿನ ಓಂಪ್ರಕಾಶ ತಾನೇ ಶಾಖದ ಗಂಟೆಗಳನ್ನು ತರಿಸಿ ಅವನನ್ನು ಕರೆದ. ಮೂರನೇ ಮಹಡಿಯಲ್ಲಿ ಸಂಜುಕುಮಾರ ಒಬ್ಬನೇ ಕಪ್ಪಾದ ಗೋಡೆ ತಿಕ್ಕುತ್ತಿದ್ದ. ಬದ್ರೋದ್ದೀನನಿಗೆ ನಿಚ್ಚಣಿಕೆ ಏರಲಾಗಲಿಲ್ಲ.

"ಬ್ಯಾಟರಿ ನಾ ತೆಗದೇನಿರಿ, ಅಕಿ ಅಲ್ಲ" ಎಂದ.

ಸಂಜುಕುಮಾರ ತಿಕ್ಕುವುದನ್ನು ನಿಲ್ಲಿಸಿದ. "ತೆಗೀರಿ ಅಂದಾಕಿ ಅಕಿನೇ ಅಲ್ಲೇನ್ರಿ?"

"ಇಲ್ಲರಿ. ಮುದುಕಿ ಅಳ್ತಾಳ, ಒದರೂದು ನಿಲ್ಲಸ್ರಿ ಅಂದಾಳ ಅಷ್ಟೇ. ಬ್ಯಾಟರಿ ತೆಗದ್ರ ಏನಾಗ್ತದ ಅಂತ ಗೊತ್ತಿದ್ದದ್ದು ನನಗ. ಠಾಣಾಕ್ಕ ನಡೀರಿ, ಬರ್ದು ಕೊಡ್ತೇನಿ."

ಸಂಜುಕುಮಾರ ಒದ್ದೆ ನೆಲದ ಮೇಲೇ ಕುಳಿತ.

"ಠಾಣಾದಾಗ ಬ್ಯಾಟರಿ ತೆಗದಾಕಿ ನಾನೇ ಅಂತ ಅಕಿ ಸಹಿ ಹಾಕ್ಯಾಳರಿ" ಎಂದ. "ನನ್ನ ಮಾರಿ ನೋಡಿ ಹಾಕ್ಯಾಳ. ಹೊಡದು ಹಾಕಿಸ್ದಾವ ನಾನು."