ಜೇನುಮರದ ಉಗುರುಗುರುತು

ಹೆಸರು ಹೇಳಿದರೆ ಯಾರಿಗಾದರೂ ಬೇಸರವಾದೀತು, ಆದ್ದರಿಂದ ಒಂದು ಕಾಡು ಎಂದಷ್ಟೇ ಇಟ್ಟುಕೊಳ್ಳೋಣ. ಆ ಕಾಡಿನಲ್ಲಿ ಒಂದು ಕಾನೂನು ಇತ್ತು. ಯಾರೇ ಸತ್ತರೂ ಅವರ ಉಗುರುಗುರುತು ಇರುವ ಮರಕ್ಕೆ, ಬಿಲಕ್ಕೆ ಆಮೆ ಅಮಲ್ದಾರ ಬಂದು ಅರಗಿನ ಮುದ್ರೆ ಒತ್ತುತ್ತಿದ್ದ. ಆಮೇಲೆ ಇಡೀ ಕಾಡನ್ನು ಒಂದು ಸುತ್ತು ಸುತ್ತಿ, ಈ ಆಸ್ತಿಯಲ್ಲಿ ನಿಮಗೇನಾದರೂ ಹಕ್ಕಿದೆಯೇ ಎಂದು ಬಿಲಬಿಲಕ್ಕೂ ಹೋಗಿ ಕೇಳುತ್ತಿದ್ದ. ಸುತ್ತು ಮುಗಿದ ಮೇಲೆಯೇ ಮುದ್ರೆ ಒಡೆಯುವುದು. ಆಮೆ ಲಂಚ ಮುಟ್ಟಿದವನಲ್ಲ, ಯಾರಿಗೂ ಅನ್ಯಾಯ ಮಾಡಿದವನಲ್ಲ. ನಡೆಯುವುದು ಮಾತ್ರ ಆಮೆಯ ಹಾಗೆ. ಒಂದು ಸುತ್ತಿಗೆ ಮೂರು ಮಳೆಗಾಲ ಬೇಕು. ಅಷ್ಟರಲ್ಲಿ ಹಕ್ಕುದಾರರಲ್ಲೇ ಒಬ್ಬಿಬ್ಬರು ಸತ್ತು, ಅವರ ಬಿಲಗಳಿಗೂ ಮುದ್ರೆ ಬಿದ್ದಿರುತ್ತಿತ್ತು.

ಅಲ್ಲೊಬ್ಬ ಮುದಿ ಕರಡಿ ಇದ್ದ. ಅವನದೊಂದು ಹಳೆಯ ಮತ್ತಿಮರ. ಮರದ ಬುಡದಲ್ಲೇ ದೊಡ್ಡ ಪೊಟರೆ, ಪೊಟರೆಯ ತುಂಬ ತುಡುವೆ ಜೇನು. ಗಂಡುಮಕ್ಕಳಿಬ್ಬರು ಗುಡ್ಡದಾಚೆ ಗೆದ್ದಲು ತಿಂದುಕೊಂಡು ತಮ್ಮ ಪಾಡಿಗೆ ಸುಖವಾಗಿದ್ದರು. ಕೊನೆಯವಳಾದ ಮಗಳು ಅಪ್ಪನ ಜೊತೆಗಿದ್ದಳು. ಚಿಕ್ಕಂದಿನಲ್ಲಿ ಬಂಡೆ ಉರುಳಿ ಅವಳ ಬಲಗೈ ಜಜ್ಜಿಹೋಗಿತ್ತು. ಹುತ್ತ ಅಗೆಯಲಾರಳು, ಮರ ಹತ್ತಲಾರಳು. ಕೈಗೆಟುಕುವ ಆ ಪೊಟರೆಯ ಜೇನೇ ಅವಳ ಅನ್ನ. ನಾನು ಕಣ್ಣು ಮುಚ್ಚಿದ ದಿನ ಆಮೆ ಬಂದು ಪೊಟರೆಗೆ ಅರಗು ಮೆತ್ತಿದರೆ ಇವಳು ಮೂರು ಮಳೆಗಾಲ ಏನು ತಿಂದಾಳು ಎಂಬ ಚಿಂತೆ ಮುದುಕನನ್ನು ಕೊರೆಯುತ್ತಿತ್ತು.

ಕೊನೆಗೆ ಅವನು ಮುಂಗುಸಿ ವಕೀಲನ ಹತ್ತಿರ ಹೋದ.

“ಇದಕ್ಕೆಲ್ಲ ಉಪಾಯ ಇದೆ, ಯಜಮಾನರೇ,” ಎಂದ ಮುಂಗುಸಿ. “ಒಂದು ನಂಬಿಕೆ ಪೆಟ್ಟಿಗೆ ಮಾಡಿಸಿ. ಮರವನ್ನು ಪೆಟ್ಟಿಗೆಯ ಹೆಸರಿಗೆ ಬರೆಯಿರಿ. ಸಾವು ಬರುವುದು ನಿಮಗೆ, ಪೆಟ್ಟಿಗೆಗಲ್ಲವಲ್ಲ? ಆಮೆಗೆ ಮುದ್ರೆ ಒತ್ತಲು ಜಾಗವೇ ಇರುವುದಿಲ್ಲ.”

“ಆಗ ನನ್ನ ಮರ ನನ್ನ ಕೈಬಿಟ್ಟು ಹೋಗುತ್ತದಲ್ಲ?”

“ಎಲ್ಲಿಗೆ ಹೋಗುತ್ತದೆ? ಬದುಕಿರುವವರೆಗೆ ಪೆಟ್ಟಿಗೆಗೆ ನೀವೇ ಪಾಲಕರು, ಜೇನು ತಿನ್ನುವವರೂ ನೀವೇ. ಬೇಡವೆನಿಸಿದರೆ ಯಾವತ್ತು ಬೇಕಾದರೂ ಪತ್ರ ಹರಿದುಹಾಕಿ, ಮರ ವಾಪಸು ತಗೊಳ್ಳಿ. ನಿಮ್ಮ ನಂತರ ನೀವು ಹೇಳಿದವರು ಪಾಲಕರಾಗುತ್ತಾರೆ, ನೀವು ಬರೆದ ಹಾಗೆ ನಡೆಸುತ್ತಾರೆ.”

ಕರಡಿ ಅಲ್ಲಿಂದ ಮನೆಯವರೆಗೆ ನಡೆಯಲಿಲ್ಲ, ಓಡಿದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ಕಂಡು ಎಲ್ಲೋ ಕಾಡಿಗೆ ಬೆಂಕಿ ಬಿದ್ದಿದೆ ಎಂದುಕೊಂಡು ಜಿಂಕೆಗಳೂ ಓಡಿದವು.

ಮುಂದಿನ ದಿನಗಳ ಸಡಗರವನ್ನು ಏನೆಂದು ಹೇಳಲಿ! ಹಲಸಿನ ದಿಮ್ಮಿ ಕೊರೆದು ಎರಡಾಳುದ್ದದ ಪೆಟ್ಟಿಗೆಯಾಯಿತು. ನಂತರದ ಪಾಲಕನನ್ನಾಗಿ ಕರಡಿ ಮಂಗಟ್ಟೆ ಹಕ್ಕಿಯನ್ನು ಆರಿಸಿದ. ಮಂಗಟ್ಟೆಯ ಹೆಂಡತಿ ಮೊಟ್ಟೆ ಇಟ್ಟಾಗ ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಕೂರುತ್ತಾಳೆ. ಅವನು ತಿಂಗಳುಗಟ್ಟಲೆ ಒಂದು ಸೀಳಿನಿಂದ ಹಣ್ಣು ಕೊಡುತ್ತಾನೆ, ದಾರಿಯಲ್ಲಿ ಒಂದನ್ನೂ ತಿಂದುಹಾಕುವುದಿಲ್ಲ. ಪಾಲಕನಿಗೆ ಇದಕ್ಕಿಂತ ಯೋಗ್ಯತೆ ಬೇಕೇ? ಅವನ ಕೊಕ್ಕಿನ ತುದಿ ಹೋಗುವಷ್ಟು ಒಂದು ಸೀಳನ್ನು ಪೆಟ್ಟಿಗೆಗೂ ಇಟ್ಟರು, ಒಳಗೆಲ್ಲ ಪರಿಮಳಕ್ಕೆಂದು ಜೇನುಮೇಣ ಸವರಿದರು. ಮಗಳ ಕೈಗೆ ಎಟುಕುವಂತೆ ಮತ್ತಿಮರದ ಪಕ್ಕದಲ್ಲೇ ಅದನ್ನು ಇರಿಸಿದರು. ಕಾಡಿಗೆ ಕಾಡೇ ನೋಡಲು ಬಂತು.

ಪತ್ರ ಬರೆಯುವುದರಲ್ಲಂತೂ ಕರಡಿಗೆ ಹೊಸ ಪ್ರಾಯ ಬಂದಿತ್ತು. ಮಗಳಿಗೆ ದಿನಕ್ಕೊಂದು ಜೇನಿನ ಎರಿ ಎಂದು ಬರೆಸಿದ. ಮರುದಿನ ಅದನ್ನು ತಿದ್ದಿ, ಚಳಿಗಾಲದಲ್ಲಿ ಎರಡು ಎಂದ. ತನ್ನ ಬೇಟೆಯ ಕತೆ ಹೇಳುವಾಗ ಆಕಳಿಸಿದ್ದಕ್ಕೆ ದೊಡ್ಡ ಮಗನ ಹೆಸರು ತೆಗೆಸಿದ. ಅವನು ಹೊಳೆಮೀನು ತಂದುಕೊಟ್ಟಾಗ ಮತ್ತೆ ಸೇರಿಸಿದ. ಹನ್ನೊಂದನೆಯ ತಿದ್ದುಪಡಿಯ ಹೊತ್ತಿಗೆ ಮುಂಗುಸಿಯ ಬಾಲ ಬವಣೆಯಿಂದ ಸಣ್ಣಗಾಗಿತ್ತು.

“ಯಜಮಾನರೇ, ಪತ್ರ ಚೆನ್ನಾಗಿದೆ. ಆದರೆ ಒಂದು ಕೆಲಸ ಬಾಕಿ,” ಎಂದು ಅವನು ಪ್ರತಿಸಲವೂ ಹೇಳುತ್ತಿದ್ದ. “ಮರದ ಮೇಲಿರುವುದು ಇನ್ನೂ ನಿಮ್ಮ ಗುರುತೇ. ಅದನ್ನು ಮಣ್ಣಿನಿಂದ ಮುಚ್ಚಿ ಪೆಟ್ಟಿಗೆಯ ಗುರುತು ಹಾಕಿ. ಅಲ್ಲಿಯವರೆಗೆ ಇದು ಬರೀ ಪೆಟ್ಟಿಗೆ.”

“ಅದೇನು ಮಹಾ, ಒಂದು ಗಳಿಗೆಯ ಕೆಲಸ,” ಎನ್ನುತ್ತಿದ್ದ ಕರಡಿ.

ಮಗಳು ಸೋರೆಬುರುಡೆಯಲ್ಲಿ ಮಣ್ಣು ಕಲಸಿ ತಂದಳು. ಕರಡಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಮರದ ಮುಂದೆ ನಿಂತ. ಎಲ್ಲಕ್ಕಿಂತ ಕೆಳಗಿನ ಗೀರು ಚಿರತೆಯನ್ನು ಅಟ್ಟಿದ ದಿನದ್ದು. ಅದರ ಮೇಲಿನದು ಮದುವೆಯಾದ ವರ್ಷದ್ದು. ಅದಕ್ಕೂ ಮೇಲಿನ ಸಣ್ಣ ಗೀರು ಈ ಮಗಳು ಹುಟ್ಟಿದ ಬೆಳಿಗ್ಗೆ ಕೆರೆದದ್ದು. ಹರಿದುಹಾಕಬಹುದಾದ ಪತ್ರ, ವಾಪಸು ಪಡೆಯಬಹುದಾದ ಮರ, ಎಲ್ಲ ಅವನಿಗೆ ಗೊತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ.

“ನಾಳೆ ಮಾಡೋಣ, ಮಗಳೇ,” ಎಂದ.

“ಆಗಲಿ ಅಪ್ಪಾ,” ಎಂದಳು ಅವಳು. ಬುರುಡೆಯ ಮಣ್ಣು ಒಣಗಿತು. ಮರುದಿನ ಮತ್ತೆ ನೀರು ಹಾಕಿ ಕಲಸಿದಳು. ನಾಳೆ ಎಂದವನ ಮನೆ ಹಾಳು ಎಂದು ದೊಡ್ಡವರು ಹೇಳಿದ್ದು ಸುಮ್ಮನಲ್ಲ. ಪತ್ರಕ್ಕೆ ಹದಿನೇಳನೆಯ ತಿದ್ದುಪಡಿ ಬರೆಸಿ ಬಂದ ಮಧ್ಯಾಹ್ನ, ಮರಕ್ಕೆ ಒರಗಿ ಕುಳಿತ ಮುದುಕ ಮತ್ತೆ ಏಳಲಿಲ್ಲ.

ಆಮೆ ಬಂದ. ಮರದ ಮೇಲಿನ ಗೀರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. “ಇದು ಸತ್ತವರ ಗುರುತು,” ಎಂದು ಪೊಟರೆಯ ಬಾಯಿಗೆ ಅರಗು ಮೆತ್ತಿದ. ನಂತರ ಪೆಟ್ಟಿಗೆಯನ್ನು ಸುತ್ತಿ ನೋಡಿ, ಪತ್ರವನ್ನು ಓದಿಸಿ ಕೇಳಿದ. “ನನ್ನ ಆಯುಷ್ಯದಲ್ಲಿ ಇಷ್ಟು ಚೊಕ್ಕವಾದ ಪತ್ರ ಕಂಡಿಲ್ಲ. ಇದನ್ನು ನಾನು ಮುಟ್ಟುವಂತಿಲ್ಲ. ಪೆಟ್ಟಿಗೆ ಈ ಕ್ಷಣದಿಂದಲೇ ಪಾಲಕರದ್ದು,” ಎಂದು ಹೇಳಿ, ಹಕ್ಕುದಾರರನ್ನು ವಿಚಾರಿಸಲು ಹೊರಟ.

ಮಂಗಟ್ಟೆ ಪೆಟ್ಟಿಗೆಯ ಮುಚ್ಚಳ ತೆರೆದ. ಒಳಗೆ ಮೇಣದ ಪರಿಮಳ ಬಿಟ್ಟರೆ ಏನೂ ಇರಲಿಲ್ಲ.

“ಇನ್ನು ಒಂದಕ್ಷರ ತಿದ್ದಲೂ ಬರುವುದಿಲ್ಲ,” ಎಂದ ಮುಂಗುಸಿ, ನೆಲ ನೋಡುತ್ತಾ.

ಮೂರನೆಯ ದಿನಕ್ಕೆ ಮಗಳ ಪಕ್ಕೆಲುಬು ಕಾಣತೊಡಗಿತು. ಮಂಗಟ್ಟೆ ಹಾರಿಹೋಗಿ ಕೊಕ್ಕಿನಲ್ಲಿ ಅತ್ತಿಹಣ್ಣು ತಂದು ಅವಳ ಮುಂದೆ ಹಾಕಿದ. ಹಕ್ಕಿಯ ಕೊಕ್ಕಿಗೆ ಎಷ್ಟು ಹಣ್ಣು ಹಿಡಿದೀತು, ಕರಡಿಯ ಹೊಟ್ಟೆಗೆ ಎಷ್ಟು ಸಾಕಾದೀತು?

“ಅತ್ತಿಹಣ್ಣು ಪತ್ರದಲ್ಲಿ ಇಲ್ಲವಲ್ಲ,” ಎಂದ ಮುಂಗುಸಿ.

“ಅವಳ ಹಸಿವು ಇದೆಯಲ್ಲ,” ಎಂದು ಮಂಗಟ್ಟೆ ಮತ್ತೆ ಹಾರಿದ.

ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ಬೆಳಿಗ್ಗೆ ನಡೆದದ್ದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಾಗಿಲಿಗೆ ಅರಗು ಬಿದ್ದ ಮೇಲೆ ಪೊಟರೆಯ ಜೇನುಹುಳಗಳಿಗೆ ಒಳಗೆ ಉಸಿರು ಕಟ್ಟುತ್ತಿತ್ತು. ಅವು ಎರಿಯ ಜೇನನ್ನೆಲ್ಲ ಹೊಟ್ಟೆತುಂಬ ಹೀರಿಕೊಂಡು, ಮೇಲಿನ ಸಣ್ಣ ಬಿರುಕಿನಿಂದ ಒಂದೊಂದಾಗಿ ನುಸುಳಿ ಬಂದವು. ಆಕಾಶ ಕಪ್ಪಾಯಿತು, ಕಾಡೆಲ್ಲ ಝೇಂಕಾರ. ರಾಣಿಹುಳ ಒಂದು ಸುತ್ತು ಹಾರಿ ಮೇಣದ ವಾಸನೆ ಹಿಡಿದು, ಪೆಟ್ಟಿಗೆಯ ಸೀಳಿನ ಮೇಲೆ ಕುಳಿತು ಒಳಗೆ ಹೋದಳು. ಹಿಂದೆಯೇ ಇಡೀ ಸಂಸಾರ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಹಾಡುತ್ತಿತ್ತು. ಮುಂಗುಸಿ ಪತ್ರವನ್ನು ಎದೆಗೆ ಅವಚಿಕೊಂಡು ಕುಣಿದೇಬಿಟ್ಟ. ಆ ಹೂಕಾಲ ಮುಗಿಯುವುದರೊಳಗೆ ಮಂಗಟ್ಟೆ ಪತ್ರದಲ್ಲಿ ಬರೆದಂತೆ ದಿನಕ್ಕೊಂದು ಎರಿಯನ್ನು ಮಗಳ ಕೈಗಿಡತೊಡಗಿದ, ಚಳಿಗಾಲ ಬಂದಾಗ ಎರಡು.

ಮೂರು ಮಳೆಗಾಲ ಕಳೆದು ಆಮೆ ಸುತ್ತು ಮುಗಿಸಿ ಬಂದ. ಜೊತೆಗೆ ಗಂಡುಮಕ್ಕಳಿಬ್ಬರೂ ಬಂದರು. ಮಗಳೂ ಸೇರಿ ಮೂವರಿಗೂ ಸಮಪಾಲು ಎಂದು ತೀರ್ಪು ಓದಿ, ಆಮೆ ಮುದ್ರೆ ಒಡೆದ. ಪೊಟರೆಯಲ್ಲಿ ಒಣ ಎರಿಗಳು ಪುಡಿಪುಡಿಯಾಗಿ ಬಿದ್ದಿದ್ದವು. ಉಳಿದದ್ದನ್ನು ಇರುವೆಗಳು ಹೊತ್ತೊಯ್ದಿದ್ದವು. ಆಮೆ ಆ ಪುಡಿಯನ್ನೇ ಮೂರು ಪಾಲು ಮಾಡಿ ಮುಂದಿಟ್ಟ. ಅಷ್ಟರಲ್ಲಿ ಪಕ್ಕದ ಪೆಟ್ಟಿಗೆಯ ಸದ್ದು ಅವನ ಕಿವಿಗೆ ಬಿತ್ತು.

“ಇದರಲ್ಲಿ ಜೇನು ಎಲ್ಲಿಂದ ಬಂತು? ನಿಮ್ಮ ಕಕ್ಷಿದಾರರು ಮರಕ್ಕೆ ಪೆಟ್ಟಿಗೆಯ ಗುರುತು ಹಾಕಲೇ ಇಲ್ಲವಲ್ಲ, ವಕೀಲರೇ?”

“ಇಲ್ಲ ಸ್ವಾಮಿ,” ಎಂದ ಮುಂಗುಸಿ. “ಅದರ ಒಡೆಯರು ತಾವೇ ಬಂದು ಸೇರಿದರು.”

ಆಮೆ ಮರದ ಗೀರುಗಳನ್ನು ನೋಡಿದ, ಸೀಳಿನಲ್ಲಿ ಹೋಗಿಬರುತ್ತಿದ್ದ ಹುಳಗಳನ್ನು ನೋಡಿದ. ಅವುಗಳಿಗೆ ಉಗುರಿರಲಿಲ್ಲ. ಗಂಡುಮಕ್ಕಳು ತಮ್ಮ ಪಾಲಿನ ಪುಡಿಯನ್ನು ಅಲ್ಲಿಯೇ ಬಿಟ್ಟು ಗುಡ್ಡದ ಕಡೆ ನಡೆದರು.

ಮಗಳು ಸೋರೆಬುರುಡೆ ತಂದಳು. ಎಡಗೈಯಲ್ಲಿ ಮಣ್ಣು ಕಲಸಿ, ಕೆಳಗಿನ ಗೀರಿನಿಂದ ಶುರುಮಾಡಿ ಒಂದೊಂದನ್ನೇ ಮುಚ್ಚತೊಡಗಿದಳು. ತಾನು ಹುಟ್ಟಿದ ದಿನದ ಗೀರಿನ ಮೇಲೆ ಅವಳ ಕೈ ಸ್ವಲ್ಪ ನಿಂತು, ಅದನ್ನೂ ಮುಚ್ಚಿತು.

“ಈಗ ಯಾಕಮ್ಮ?” ಎಂದು ಕೇಳಿದ ಆಮೆ. “ಒಳಗೆ ಏನೂ ಉಳಿದಿಲ್ಲವಲ್ಲ.”

“ಅಪ್ಪ ನಾಳೆ ಮಾಡೋಣ ಅಂದಿದ್ದ,” ಎಂದಳು ಅವಳು.

ಮುಂದಿನ ಹೂಕಾಲದಲ್ಲಿ ಪೆಟ್ಟಿಗೆ ಕಿಕ್ಕಿರಿದು, ಅರ್ಧ ಹುಳಗಳು ಹೊಸ ಮನೆ ಹುಡುಕುತ್ತಾ ಎದ್ದವು. ಕಾಡಿನಲ್ಲಿ ಪೊಟರೆಯಿದ್ದ ಮರಗಳು ನೂರಾರಿದ್ದವು, ಎಲ್ಲದರ ಮೇಲೂ ಒಂದೊಂದು ಉಗುರುಗುರುತು. ಹುಳಗಳು ಯಾವುದರ ಕಡೆಗೂ ಹೋಗದೆ, ಯಾರ ಗುರುತೂ ಇಲ್ಲದ ಮತ್ತಿಮರದ ಪೊಟರೆಗೆ ಮರಳಿದವು.