ಉಪ್ಪಿನ ಹಕ್ಕಳೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಸಬ್ಖಾ ಎಂಬ ಉಪ್ಪುಬಯಲು ದಾಟುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಒಮಾನಿನ ಈ ಬಯಲಿಗೆ ಕಡಲು ಮರಳಿನಡಿಯಲ್ಲೇ ನುಸುಳಿ ಬರುತ್ತದೆ. ಬಿಸಿಲು ಆ ನೀರನ್ನು ಮೇಲಕ್ಕೆ ಹೀರುತ್ತದೆ. ನೀರು ಆರಿ, ಉಪ್ಪೂ ಜಿಪ್ಸಮ್ಮೂ ಉಳಿದು ಹಕ್ಕಳೆ ಕಟ್ಟುತ್ತವೆ. ಮೇಲೆ ಕಲ್ಲು, ಕೆಳಗೆ ಗಂಜಿ. ಮಂಜು ಸುರಿದರೆ ಆ ಕಲ್ಲೂ ನೆಂದ ಹಪ್ಪಳವೇ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಗಂಡನ ಅಣ್ಣ ಹುಮೈದ್ ಹಿಮ್ಮಡಿಯಿಂದ ನೆಲ ಗುದ್ದಿ ಸದ್ದು ಕೇಳಿದರು.

"ಗಟ್ಟಿ ಇದೆ, ನಡಿ."

"ರಾತ್ರಿಯೆಲ್ಲಾ ಮಂಜು ಬಿದ್ದಿದೆ ಭಾವ. ಸುತ್ತಿ ಹೋಗೋಣ."

"ಸುತ್ತಿದ್ರೆ ಬಾವಿ ಸೇರೋದು ನಾಳೆ. ಅಲ್ಲೀವರೆಗೂ ನಿನ್ನ ಮಹಾರಾಣಿಗೆ ಬಾಯಾರಲ್ವಾ?"

ಮಹಾರಾಣಿ ಎಂದರೆ ನನ್ನ ಒಂಟೆ ಸಮ್ಹಾ. ತುಂಬು ಗಬ್ಬ. ನೆಲ ಒಪ್ಪಿದ್ದು ಅವರ ಹಿಮ್ಮಡಿಯನ್ನು, ಅವಳ ಭಾರವನ್ನಲ್ಲ. ನಡುಬಯಲಲ್ಲಿ ಹಕ್ಕಳೆ ಒಡೆಯಿತು. ಅವಳು ಹೊಟ್ಟೆಯವರೆಗೆ ಹೂತುಹೋದಳು.

ಕೊಸರಾಡಿದರೆ ಕಾಲುಗಳು ಅಗಲಿ ತೊಡೆಸಂದು ಹರಿಯುತ್ತದೆ. ನಾನು ಅವಳ ಮುಂದೆ ಬೋರಲು ಮಲಗಿ, ಕತ್ತು ಅಪ್ಪಿ, ಅಂಗೈಯಿಂದ ಅವಳ ಕಣ್ಣು ಮುಚ್ಚಿದೆ.

"ಹಗ್ಗ, ಹಲಗೆ, ಜನ. ಬೇಗ ತನ್ನಿ ಭಾವ, ನಿಮ್ಮ ದಮ್ಮಯ್ಯ!"

ಅವರು ಮೀನುಗಾರರ ಗುಡಿಸಲುಗಳ ಕಡೆ ಓಡಿದರು.

ನಾನು ಕೈ ತೆಗೆಯುವಂತಿಲ್ಲ, ಏಳುವಂತಿಲ್ಲ. ಎದೆಯಡಿಯ ಹಕ್ಕಳೆ ಚಟಪಟ ಅನ್ನುತ್ತಿತ್ತು. ಭರತ ಏರಿ ಕೆಸರು ತೆಳ್ಳಗಾಗುತ್ತಿತ್ತು. ನಾನು ಬಿಡದೆ ಮಾತಾಡಿದೆ: "ಅಲುಗಬೇಡ ನನ್ನವ್ವ, ಬರ್ತಾರೆ." ಅವಳು ಅಲುಗಲಿಲ್ಲ. ಒಮ್ಮೆ ಒಳಗಿನ ಮರಿ ಒದ್ದಿರಬೇಕು, ಅವಳ ಮೈ ನಡುಗಿತು.

ಭಾವ ಜನರೊಂದಿಗೆ ಬಂದರು. ಹೆಂಗಸರ ತಲೆಯ ಮೇಲೆ ದೊಡ್ಡ ದೊಡ್ಡ ಪಾತ್ರೆಗಳಿದ್ದವು.

"ಹಗ್ಗ ಎಲ್ಲಿ ಭಾವ?"

"ಹಗ್ಗ ಹಾಕಿ ಎಳೆದ್ರೆ ಇವಳು ಎರಡು ಹೋಳಾಗ್ತಾಳೆ, ಮಗಳೇ. ಉಸಿರಿರುವಾಗಲೇ ಕೊಯ್ಯೋಣ. ಸತ್ತಮೇಲೆ ಹರಾಮು, ನಾಯಿಪಾಲು."

"ತಪ್ಪು ನಿಮ್ಮದು!"

"ನಂದೇ. ಬೈಯಿ, ಹೊಡಿ. ಆದ್ರೆ ನೀರು ನೋಡು."

ನೋಡಿದೆ. ಅವಳ ಪಕ್ಕೆಲುಬಿಗೆ ಬಂದಿತ್ತು. ಅವರನ್ನು ಕೊಂದುಬಿಡುವಷ್ಟು ಸಿಟ್ಟು ಬಂತು, ಆದರೂ ಅವಳ ಕಣ್ಣ ಮೇಲಿನ ಕೈ ತೆಗೆದೆ.

ಕೊಯ್ಯುವಾಗ ಪ್ರಾಣಿಯ ಮೋರೆ ಮಕ್ಕಾದ ಕಡೆಗಿರಬೇಕು. ಮಕ್ಕಾ ಇರುವುದು ಪಡುವಣಕ್ಕೆ, ಅವಳ ಮೋರೆ ಮೂಡಣದ ಕಡಲಿನತ್ತ. ಗಂಡಸರು ಕತ್ತು ಎಳೆದರು, ತಳ್ಳಿದರು. ಅವಳು ಹಟಮಾರಿ, ಜಗ್ಗಲಿಲ್ಲ.

ಭಾವ ತಲೆ ತಗ್ಗಿಸಿ ಹೇಳಿದರು: "ನೀನೇ ಕರೀಬೇಕು."

ನಾನು ಪಡುವಣಕ್ಕೆ ತೆವಳಿ ಅವಳ ಹೆಸರು ಹಿಡಿದು ಕರೆದೆ. ತಕ್ಷಣ ತಿರುಗಿದಳು.