ನೋಡದೆ ಕೊಡುವ ಪಾಸು

ನಮ್ಮ ತಂಡ ಸೋಲತೊಡಗಿದಾಗ ಎಲ್ಲರಿಗಿಂತ ಮೊದಲು ಬೈಸಿಕೊಂಡವಳು ನಾನು. ನನ್ನನ್ನು ಎಲ್ಲರಿಗಿಂತ ಹೆಚ್ಚು ಬೈದವಳೂ ನಾನೇ. ಸೀಸನ್ ಶುರುವಾದಾಗಿನಿಂದ ಪಟ್ಟಿಯ ತುದಿಯಲ್ಲಿ ಕಾಲು ಚಾಚಿ ಕುಳಿತಿದ್ದ ತಂಡ, ಪ್ಲೇ-ಆಫ್ ಇನ್ನೇನು ಬಂತು ಅನ್ನುವಾಗ ಕೊನೆಯ ಸ್ಥಾನದವರ ಕೈಯಲ್ಲೂ ಪೆಟ್ಟು ತಿನ್ನತೊಡಗಿತು. ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಅಂಥ ಕುಸಿತವನ್ನು ಯಾರೂ ಕಂಡಿರಲಿಲ್ಲವಂತೆ. ನಾಯಕಿ ನಾನು. ಚೆಂಡನ್ನು ಮುಂದಕ್ಕೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವಳೂ ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ದಾರಿಯೇ ಇರಲಿಲ್ಲ.

ಅದರಲ್ಲೂ ನನ್ನ ಮಾನ ತೆಗೆದದ್ದು ಒಂದು ಪಾಸು. ನನ್ನ ತಂಗಿ ಅದೇ ತಂಡದ ಸೆಂಟರ್, ಬುಟ್ಟಿಯ ಹತ್ತಿರ ಆಡುವವಳು. ಅವಳ ಎತ್ತರ ನೋಡಿ ಎಲ್ಲರೂ ಕಂಬ ಎಂದೇ ಕರೆಯುತ್ತಾರೆ. ಚಿಕ್ಕವರಿದ್ದಾಗ ನಾವು ಆಡುತ್ತಿದ್ದದ್ದು ಮನೆಯ ಹಿಂದಿನ ಓಣಿಯಲ್ಲಿ. ಓಣಿ ಎಷ್ಟು ಕಿರಿದೆಂದರೆ, ತಿರುಗಿ ನೋಡಿ ಚೆಂಡು ಕೊಡುವಷ್ಟರಲ್ಲಿ ಮೂಗು ಗೋಡೆಗೆ ತಾಗುತ್ತಿತ್ತು. ಹಾಗಾಗಿ ನೋಡದೆ ಕೊಡುವುದನ್ನು ಕಲಿತೆವು. ನಾನು ಎಡಕ್ಕೆ ನುಗ್ಗಿ ಎದುರಾಳಿಗಳನ್ನು ನನ್ನ ಹಿಂದೆ ಎಳೆದುಕೊಂಡು ಹೋಗುತ್ತೇನೆ. ಅವಳು ನನ್ನ ಬೆನ್ನ ಹಿಂದೆ ಬುಟ್ಟಿಯ ಕಡೆಗೆ ಹೊರಳುತ್ತಾಳೆ. ನಾನು ಕತ್ತು ತಿರುಗಿಸದೆ ಭುಜದ ಮೇಲಿಂದ ಚೆಂಡು ಬಿಡುತ್ತೇನೆ. ಅಲ್ಲಿ ಅವಳು ಇರುತ್ತಾಳೆ. ಇರುತ್ತಾಳೋ ಇಲ್ಲವೋ ಎಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಗೋಡೆಗೆ ಒರಗುವವರು ಗೋಡೆ ಇದೆಯೇ ಎಂದು ಮುಟ್ಟಿ ನೋಡಿ ಒರಗುತ್ತಾರೆಯೇ?

ಆ ಪಾಸು ಕೆಟ್ಟಿತು. ಒಮ್ಮೆ ಗೆರೆಯಾಚೆ ಕುಳಿತಿದ್ದ ಫೋಟೋದವನ ತೊಡೆಗೆ ಬಿತ್ತು. ಇನ್ನೊಮ್ಮೆ ಅಂಕ ಬರೆಯುವವರ ಮೇಜಿನ ಮೇಲಿದ್ದ ನೀರಿನ ಬಾಟಲಿಗಳನ್ನು ಉರುಳಿಸಿತು. ತಿರುಗಿ ನೋಡಿದರೆ ತಂಗಿ ಎರಡು ಹೆಜ್ಜೆ ಹಿಂದೆ ನಿಂತಿರುತ್ತಿದ್ದಳು. ನಾನೇ ಆತುರಪಟ್ಟೆ ಎಂದುಕೊಳ್ಳುತ್ತಿದ್ದೆ. ಅವಳು ಓಡಿ ಬಂದು ನನ್ನ ಬೆನ್ನು ತಟ್ಟುತ್ತಿದ್ದಳು.

"ಪರವಾಗಿಲ್ಲ ಬಿಡಕ್ಕ. ಆಗುತ್ತೆ."

ಉಳಿದವರೂ ಬುಟ್ಟಿಯ ಕೆಳಗೇ ನಿಂತು ಚೆಂಡನ್ನು ಹೊರಗೆ ಹಾಕುತ್ತಿದ್ದರು. ನನ್ನ ಕೈ ಕೆಟ್ಟದ್ದರಿಂದಲೇ ಅವರ ಧೈರ್ಯವೂ ಕೆಟ್ಟಿತೆಂದು ಅದನ್ನೂ ನನ್ನ ಲೆಕ್ಕಕ್ಕೇ ಬರೆದುಕೊಂಡೆ. ಟಿ.ವಿ.ಯಲ್ಲಿ ಮಾತಾಡುವವನೊಬ್ಬ, ನಾಯಕಿ ಪ್ರೇಕ್ಷಕರಿಗೂ ಆಡುವ ಅವಕಾಶ ಕೊಡುತ್ತಿದ್ದಾರೆ ಎಂದು ನಕ್ಕ. ಟಿ.ವಿ. ಆರಿಸಿದೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಗಡಗಡನೆ ಓದಿದೆ.

"ನಿಮ್ಮ ಕಣ್ಣಿಗೇನೂ ಆಗಿಲ್ಲಮ್ಮ," ಅಂದರು. "ನೋಡೋದ್ರಲ್ಲಿ ಏನು ತೊಂದ್ರೆ ಇದೆ ನಿಮಗೆ?"

ನಾನು ನೋಡದೆ ಮಾಡುವ ಕೆಲಸದಲ್ಲಿ ತೊಂದರೆ ಇದೆ ಎಂದು ಹೇಳಿದರೆ ಬೇರೆ ಡಾಕ್ಟರ ಬಳಿ ಕಳಿಸುತ್ತಾರೆಂದು ಸುಮ್ಮನೆ ಎದ್ದು ಬಂದೆ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಅಂಗಣಕ್ಕೆ ಹೋಗತೊಡಗಿದೆ. ತಂಗಿಯೂ ಕಣ್ಣುಜ್ಜಿಕೊಂಡು ಜೊತೆಗೆ ಬರುತ್ತಿದ್ದಳು. ಅಲ್ಲಿ ಒಂದು ಪಾಸೂ ತಪ್ಪುತ್ತಿರಲಿಲ್ಲ. ಚೆಂಡು ಅವಳ ಅಂಗೈಗೆ ಹೋಗಿ ಚಪ್ ಅನ್ನುವ ಸದ್ದು ಖಾಲಿ ಗ್ಯಾಲರಿಯಲ್ಲೆಲ್ಲ ಕೇಳಿಸುತ್ತಿತ್ತು. ಸಂಜೆ ಪಂದ್ಯದಲ್ಲಿ ಮತ್ತೆ ಅದೇ ಹಣೆಬರಹ. ಹಾಗಾದರೆ ಕೆಟ್ಟಿರುವುದು ಕೈಯಲ್ಲ, ಎದೆ. ಜನರ ಮುಂದೆ ನನಗೆ ಧೈರ್ಯ ಸಾಲದಾಗಿದೆ ಎಂದು ತೀರ್ಮಾನಿಸಿದೆ. ವಯಸ್ಸಾಯಿತು, ವಯಸ್ಸಿಗೆ ಔಷಧಿ ಇಲ್ಲವಲ್ಲ.

ಲೀಗಿನ ಕೊನೆಯ ಪಂದ್ಯವನ್ನೂ ಸೋತು ಎರಡನೆಯ ಸ್ಥಾನಕ್ಕೆ ಇಳಿದ ದಿನ, ಪತ್ರಕರ್ತರ ಮುಂದೆ ಹೇಳಿಬಿಟ್ಟೆ: ಇದು ನನ್ನ ಕೊನೆಯ ಸೀಸನ್, ತಂಡಕ್ಕೆ ನಾನು ಹೊರೆಯಾಗಿದ್ದೇನೆ, ನಾಚಿಕೆಯಾಗುತ್ತಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಪಕ್ಕದ ಕುರ್ಚಿಯಲ್ಲಿ ತಂಗಿ ಕೂತಿದ್ದಳು. ಅವಳು ಬಗ್ಗಿ, ಕಟ್ಟಿಯೇ ಇದ್ದ ಶೂ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಅಕ್ಕನ ದುಃಖ ನೋಡಲಾರದೆ ಹಾಗೆ ಮಾಡಿದಳೆಂದುಕೊಂಡೆ.

ಮರುದಿನ ಮನೆಯಲ್ಲಿ ಸೋಫಾದ ಮೇಲೆ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಗೋಡೆ ನೋಡುತ್ತ ಬಿದ್ದಿದ್ದೆ. ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಬ್ಯಾಸ್ಕೆಟ್‌ಬಾಲ್ ಬಗ್ಗೆ ಅವಳಿಗೆ ಗೊತ್ತಿರುವುದು ಇಷ್ಟೇ: ಚೆಂಡು ಮೇಲಿನಿಂದ ಕೆಳಗೆ ಬರಬೇಕು, ಮಕ್ಕಳು ಬೀಳಬಾರದು.

"ಯಾಕೆ ಮೂತಿ ಗಂಟು ಹಾಕ್ಕೊಂಡಿದೀಯ?" ಅಂದಳು. "ಬೇಕಂತ ಸೋತಿದ್ದಕ್ಕೂ ಯಾರಾದ್ರೂ ಇಷ್ಟೊಂದು ಕೊರಗ್ತಾರಾ?"

"ಬೇಕಂತ ಯಾರು ಸೋತ್ರು?"

"ನೀವೇ. ಆ ಬಂದರಿನ ತಂಡದವರು ಎದುರು ಬರಬಾರ್ದು ಅಂತ. ಚಿಕ್ಕವಳು ಹೇಳಿದ್ಲಲ್ಲ, ಪ್ಲೇ-ಆಫ್ ಬಂದ್ಮೇಲೆ ಎಲ್ಲಾ ಸರಿಹೋಗುತ್ತೆ ಅಂತ." ನನ್ನ ಮುಖ ನೋಡಿ ಅವಳ ಕೈಯಲ್ಲಿದ್ದ ಟವೆಲ್ ಅಲ್ಲೇ ನಿಂತಿತು. "ನಿನಗೆ ಗೊತ್ತಿಲ್ವಾ?"

ಪಟ್ಟಿಯನ್ನು ನೆನೆಸಿಕೊಂಡೆ. ಸೆಮಿಫೈನಲ್‌ನಲ್ಲಿ ಮೊದಲನೆಯವರಿಗೆ ನಾಲ್ಕನೆಯವರು, ಎರಡನೆಯವರಿಗೆ ಮೂರನೆಯವರು. ಪ್ರತಿ ವರ್ಷ ನಮ್ಮನ್ನು ಪ್ಲೇ-ಆಫ್‌ನಿಂದ ಮನೆಗೆ ಅಟ್ಟುವ ಬಂದರಿನ ತಂಡ ಈ ಸಲ ಗಾಯಾಳುಗಳಿಂದ ಹಿಂದೆ ಬಿದ್ದು, ಈಗ ಎಲ್ಲರೂ ಗುಣವಾಗಿ, ನಾಲ್ಕನೆಯ ಸ್ಥಾನದಲ್ಲಿ ಹೊಂಚು ಹಾಕಿ ಕೂತಿತ್ತು. ನಾವು ಮೊದಲನೆಯವರಾಗಿಯೇ ಉಳಿದಿದ್ದರೆ ಅವರೇ ನಮ್ಮ ಪಾಲಿಗೆ ಬರುತ್ತಿದ್ದರು. ಈಗ ಬೇರೆಯವರ ಪಾಲಾಗಿದ್ದಾರೆ. ಒಂದು ಮಗು ಕೂಡ ಬಿಡಿಸಬಹುದಾದ ಲೆಕ್ಕ, ನನಗೆ ಹೊಳೆದಿರಲಿಲ್ಲ. ತಂಡದವರಿಗೆಲ್ಲ ಗೊತ್ತು, ಮನೆಯಲ್ಲಿ ಬಟ್ಟೆ ಮಡಿಸುವ ಅಮ್ಮನಿಗೂ ಗೊತ್ತು, ನಾಯಕಿಗೆ ಮಾತ್ರ ಗೊತ್ತಿಲ್ಲ.

ಕೋಚ್ ಕೋಣೆ ಗ್ಯಾಲರಿಯ ಕೆಳಗಿದೆ. ಬೆವರಿದ ಶೂಗಳ ವಾಸನೆ ಅಲ್ಲಿಂದ ಯಾವತ್ತೂ ಹೋಗುವುದಿಲ್ಲ. ಅವರು ಬಿಳಿ ಹಲಗೆಯ ಮೇಲೆ ಆಟಗಾರ್ತಿಯರ ಜಾಗ ತೋರಿಸುವ ಬಣ್ಣದ ಗುಂಡಿಗಳನ್ನು ಸರಿಸುತ್ತಿದ್ದರು. ನಾನು ಕೇಳಿದೆ. ಅವರು ಇಲ್ಲವೆನ್ನಲಿಲ್ಲ.

"ನಿಮಗೆ ಹೇಳಿದ್ರೆ ನೀವು ಒಪ್ತಿದ್ರಾ?"

"ಇಲ್ಲ."

"ಒಪ್ಪಿದ್ರೂ ನಿಮ್ಮ ಮುಖದಲ್ಲಿ ಗೊತ್ತಾಗೋದು. ನಾಯಕಿ ಜೀವ ಬಿಟ್ಟು ಆಡ್ತಿದ್ರೆ ಸೋಲಿನ ಬಗ್ಗೆ ಯಾರಿಗೂ ಅನುಮಾನ ಬರಲ್ಲ. ಫೈನಲ್‌ಗೆ ಹೋದ್ರೆ ಆಗ ನೋಡ್ಕೊಳ್ಳೋಣ. ಅಷ್ಟರಲ್ಲಿ ಬಂದರಿನವರೂ ಆ ಮೊದಲ ಸ್ಥಾನದವರೂ ಬಡಿದಾಡಿ ಸುಸ್ತಾಗಿರ್ತಾರೆ."

"ನಾನು ಆಟ ಬಿಡ್ತೀನಿ ಅಂದೆನಲ್ಲ ಸರ್."

"ಅದನ್ನ ನಾನು ನಿರೀಕ್ಷೆ ಮಾಡಿರಲಿಲ್ಲ," ಅಂದರು. ಹಸಿರು ಗುಂಡಿಯೊಂದನ್ನು ತುಸು ಎಡಕ್ಕೆ ಸರಿಸಿದರು.

ನನ್ನ ಪ್ರಾಮಾಣಿಕತೆಯನ್ನೇ ಪರದೆ ಮಾಡಿಕೊಂಡು ಅದರ ಹಿಂದೆ ಎಲ್ಲರೂ ನಾಟಕ ಆಡಿದ್ದರು. ಆದರೂ ಆ ಮನುಷ್ಯನ ಮೇಲೆ ನನಗೆ ಬಂದದ್ದು ಬರೀ ಸಿಟ್ಟು. ಸಿಟ್ಟು ದೊಡ್ಡ ವಿಷಯವಲ್ಲ, ಕೂಗಾಡಿದರೆ ಇಳಿಯುತ್ತದೆ.

ತಂಗಿ ಸಂಜೆ ನಮ್ಮಿಬ್ಬರ ಕೋಣೆಗೆ ಬಂದಳು. ಅಮ್ಮ ಬಾಗಿಲಲ್ಲೇ ಹೇಳಿದ್ದಳೆಂದು ಕಾಣುತ್ತದೆ. ಮಂಚದ ತುದಿಯಲ್ಲಿ ಕೂತು ಅವಳು ಎತ್ತರವನ್ನೆಲ್ಲ ಮಡಿಸಿ ಚಿಕ್ಕವಳಾದಳು.

"ಹೇಳ್ಬೇಕು ಅಂತಾನೇ ಇದ್ದೆ ಅಕ್ಕ."

"ಯಾವಾಗ?"

"ಕಪ್ ಗೆದ್ಮೇಲೆ. ನಿನಗೆ ಒಂದು ಕಪ್ಪೂ ಸಿಕ್ಕಿಲ್ಲ ಅಂತಾನೇ ಎಲ್ರೂ ಒಪ್ಕೊಂಡ್ವಿ. ನಿನಗೋಸ್ಕರ."

"ನನಗೋಸ್ಕರ," ಅಂದೆ. "ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ, ಗೊತ್ತಾ? ನನ್ನ ಕಣ್ಣು ಹೋಯ್ತು, ಕೈ ಹೋಯ್ತು, ಎದೆ ಹೋಯ್ತು ಅಂದ್ಕೊಂಡೆ. ದಿನಾ ಬೆಳಿಗ್ಗೆ ನೀನು ಬಂದು ನನ್ನ ಪಾಸ್ ಹಿಡೀತಿದ್ದೆ. ಸಾಯಂಕಾಲ ಎರಡು ಹೆಜ್ಜೆ ಹಿಂದೆ ನಿಲ್ತಿದ್ದೆ. ಬೆನ್ನು ಬೇರೆ ತಟ್ತಿದ್ದೆ."

ಅವಳು ದಿಂಬು ಎಳೆದು ಮಡಿಲಲ್ಲಿ ಇಟ್ಟುಕೊಂಡಳು.

"ನಾಚಿಕೆ ಆಗ್ತಿದೆ ಅಂತ ನಾನು ಜನರ ಮುಂದೆ ಅತ್ತಾಗ ಪಕ್ಕದಲ್ಲೇ ಇದ್ದೆಯಲ್ಲೇ. ಆಗಲಾದ್ರೂ ಕೈ ಹಿಡ್ಕೊಂಡು ಬೇಡ ಅನ್ನಬಾರ್ದಿತ್ತಾ?"

"ಅಷ್ಟೊತ್ತಿಗೆ ತುಂಬಾ ದೂರ ಬಂದುಬಿಟ್ಟಿದ್ವಿ," ಅಂದಳು. ಆಮೇಲೆ ಕ್ಷಮಿಸು ಅಂದಳು, ಅತ್ತಳು. ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಇದ್ದದ್ದನ್ನೆಲ್ಲ ಇಲ್ಲದ ತಪ್ಪಿಗೆ ಸುರಿದಾಗಿತ್ತು.

ಲೀಗಿನವರಿಗೆ ಹೇಳಿಬಿಡಬಹುದಿತ್ತು. ಹೇಳಿದ್ದರೆ ತಂಡವನ್ನು ಹೊರಗೆ ಹಾಕುತ್ತಿದ್ದರು, ತಂಗಿಯ ಆಟವೂ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ದೊಡ್ಡ ಮನಸ್ಸು ಮಾಡಿದೆ ಎಂದಲ್ಲ. ಅವಳಿಲ್ಲದ ಅಂಗಣವನ್ನು ಊಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ, ಅಷ್ಟೆ. ಇನ್ನು ಸೆಮಿಫೈನಲ್‌ನಲ್ಲಿ ಆಡದೆ ಕೂರುವುದು? ಅದೂ ಆಗುವಂತಿರಲಿಲ್ಲ. ನಾನು ಕೆಟ್ಟಿಲ್ಲವೆಂದು ನನಗಾದರೂ ಗೊತ್ತಾಗಬೇಕಿತ್ತು.

ಬೇಕೆಂದು ಸೋಲುವುದೂ ಒಂದು ಅಭ್ಯಾಸ. ನಮ್ಮ ಹುಡುಗಿಯರಿಗೆ ಅದು ಮೈಗೆ ಅಂಟಿಬಿಟ್ಟಿತ್ತು. ಸೆಮಿಫೈನಲ್‌ನಲ್ಲಿ ನಿಜವಾಗಿ ಗೆಲ್ಲಲು ಹೊರಟರೂ ಕೈಗಳು ತಡವರಿಸಿದವು, ಸುಲಭದ ತಂಡವೆಂದು ಆರಿಸಿಕೊಂಡವರೇ ನಮಗೆ ನೀರು ಕುಡಿಸಿದರು. ಕೋಚ್ ಮುಖ ಬಿಳಿಚಿಕೊಂಡಿತ್ತು. ಕೊನೆಯ ಗಳಿಗೆಯಲ್ಲಿ ಒಂದು ಅಂಕ ಹಿಂದಿದ್ದೆವು, ಚೆಂಡು ನನ್ನ ಕೈಯಲ್ಲಿತ್ತು.

ಎಡಕ್ಕೆ ನುಗ್ಗಿದೆ. ಇಬ್ಬರು ನನ್ನ ಹಿಂದೆ ಬಂದರು. ಬೆನ್ನ ಹಿಂದೆ ತಂಗಿ ಹೊರಳಿದ್ದು ಅವಳ ಶೂ ಕಿರುಗುಟ್ಟಿದ್ದರಲ್ಲಿ ಕೇಳಿಸಿತು. ಚೆಂಡು ಬಿಡಲು ಕೈ ಎತ್ತಿದೆ. ಕೈ ಬಿಡಲಿಲ್ಲ. ಕತ್ತು ತಾನಾಗಿ ತಿರುಗಿತು.

ಅವಳು ಇದ್ದಳು. ಇರಬೇಕಾದ ಜಾಗದಲ್ಲೇ, ಎರಡೂ ಕೈ ಚಾಚಿಕೊಂಡು ನಿಂತಿದ್ದಳು. ನಾನು ನೋಡುತ್ತಿರುವುದನ್ನು ಅವಳೂ ನೋಡಿದಳು. ಆಮೇಲೆ ಕೊಟ್ಟೆ. ಎದುರಾಳಿಯ ಬೆರಳು ಚೆಂಡನ್ನು ಸವರಿಕೊಂಡು ಹೋಯಿತು, ಹೇಗೋ ಅವಳ ಕೈ ಸೇರಿತು, ಬುಟ್ಟಿಗೆ ಬಿತ್ತು, ಗಂಟೆ ಹೊಡೆಯಿತು. ಒಂದು ಅಂಕದಿಂದ ಗೆದ್ದೆವು.

ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಕೋಚ್ ಯಾರನ್ನೋ ಎತ್ತಿಕೊಂಡಿದ್ದರು. ತಂಗಿ ಮಾತ್ರ ಬುಟ್ಟಿಯ ಕೆಳಗೆ ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು. ಪಾಪ, ಖುಷಿಗೆ ಅಳುತ್ತಿದ್ದಾಳೆಂದು ಯಾರೋ ಅವಳ ಮೇಲೆ ಟವೆಲ್ ಹೊದಿಸಿ ಹೋದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನೀನು ನೋಡಿ ಕೊಟ್ಟೆ ಅಕ್ಕ."

"ಹೂಂ."

"ನೋಡ್ದೇ ಕೊಡೋಕೆ ಇನ್ಮೇಲೆ ಆಗಲ್ವಾ?"

ಅವಳ ಬೆನ್ನು ತಟ್ಟಿ, ಪರವಾಗಿಲ್ಲ ಬಿಡು ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅದು ಪರವಾಗಿಲ್ಲ ಅನ್ನುವಂಥದ್ದಾಗಿರಲಿಲ್ಲ.

"ಗೊತ್ತಿಲ್ಲ ಕಣೇ," ಅಂದೆ. "ಫೈನಲ್‌ನಲ್ಲೂ ನೋಡಿಯೇ ಕೊಡ್ತೀನಿ. ನೀನು ಆ ಜಾಗಕ್ಕೆ ಸ್ವಲ್ಪ ಬೇಗ ಬಾ."